ಎಂಟು ಒಲೆ, ಒಂದು ಪಾವು ಅಕ್ಕಿ

ನಮ್ಮೂರಲ್ಲಿ ಕೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಊರಬಾಗಿಲಿನ ಕಲ್ಲುಕಟ್ಟೆಯ ಮೇಲೆ ಬಾಗಿಲಜ್ಜಿ ಕೂತಿರುತ್ತಾಳೆ. ಹಲ್ಲುನೋವು ಎಂದರೆ ಅವಳು ಒಂದು ಮನೆಯ ಹೆಸರು ಹೇಳುತ್ತಾಳೆ. ಕೊಡ ಸೋರುತ್ತಿದೆ ಎಂದರೆ ಒಂದು ಮನೆಯ ಹೆಸರು ಹೇಳುತ್ತಾಳೆ. ಮಗಳಿಗೆ ಗಂಡು ಬೇಕು ಎಂದರೂ ಒಂದು ಮನೆಯ ಹೆಸರು ಹೇಳುತ್ತಾಳೆ. ಒಂದು ಸಲಕ್ಕೆ ಒಂದೇ ಹೆಸರು. ಆ ಮನೆಗೆ ಹೋಗಿ, ಅಲ್ಲಿ ಕೆಲಸ ಆಗಲಿಲ್ಲವೆಂದರೆ ತಿರುಗಿ ಬಂದು ಕೇಳಬೇಕು. ಆಗ ಎರಡನೆಯ ಹೆಸರು.

ಗೊತ್ತಿದ್ದರೂ ಕೇಳಿಯೇ ಹೋಗಬೇಕು, ಅದು ಪದ್ಧತಿ. ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ಮೊದಲು ಬರುವ ಮಾತು, "ಅಜ್ಜಿ ಕಳಿಸಿದಳಾ?" ಹೊರಗಿನವರು "ಅಜ್ಜಿ ಕಳಿಸಿದಳು" ಅನ್ನಬೇಕು. ಆಮೇಲೆಯೇ ಅಗುಳಿ ಸರಿಯುತ್ತದೆ. ನನ್ನ ನೆರೆಯವನಿಗೆ ಮಾವನ ಮನೆ ಎದುರು ಮನೆಯೇ. ಆದರೂ ಹಬ್ಬದ ಊಟಕ್ಕೆ ಹೋಗಬೇಕಾದರೆ ಊರಬಾಗಿಲವರೆಗೆ ನಡೆದು ಕೇಳಿಕೊಂಡು ಬರುತ್ತಿದ್ದ. ಒಂದು ಸಲ ಅಜ್ಜಿ ಬೇರೆ ಯಾರದೋ ಮಾವನ ಮನೆ ಹೇಳಿಬಿಟ್ಟಳು. ಅವನು ಅಲ್ಲೇ ಉಂಡು ಬಂದ, ಹೋಳಿಗೆ ಚೆನ್ನಾಗಿತ್ತು ಅಂದ.

ಅಜ್ಜಿ ಈ ಹೆಸರುಗಳನ್ನು ಎಲ್ಲಿಂದ ತರುತ್ತಾಳೆ ಅಂದರೆ, ದಾರದಿಂದ. ನಮ್ಮೂರಲ್ಲಿ ತಲೆ ಎತ್ತಿದರೆ ಆಕಾಶ ಪೂರ್ತಿ ಕಾಣುವುದಿಲ್ಲ. ಬಾಗಿಲಿನಿಂದ ಬಾಗಿಲಿಗೆ, ಬೀದಿಯಿಂದ ಬೀದಿಗೆ ದಾರ ಎಳೆದಿರುತ್ತದೆ. ನಿಮಗೆ ಒಬ್ಬರ ಮನೆಯಲ್ಲಿ ಒಳ್ಳೆಯ ಕೆಲಸ ಆಯಿತೆನ್ನಿ. ನಿಮ್ಮ ಬಾಗಿಲಿನ ಮೊಳೆಗೆ ದಾರದ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು ನಡೆದು ಹೋಗಿ, ಅವರ ಬಾಗಿಲಿನ ಮೊಳೆಗೆ ಗಂಟು ಹಾಕುತ್ತೀರಿ. ಇಲ್ಲಿ ಹೋಗಿ, ಇವರು ಒಳ್ಳೆಯವರು ಎಂದು ನೀವು ಹೇಳಿದ ಹಾಗಾಯಿತು. ಅಜ್ಜಿ ದಿನಾ ಬೆಳಗ್ಗೆ ಊರು ಸುತ್ತುತ್ತಾಳೆ. ಕಣ್ಣು ಮಂಜು, ಆದರೆ ಬೆರಳು ಚುರುಕು. ಒಂದೊಂದು ದಾರವನ್ನೂ ಮುಟ್ಟಿ ಇದು ಯಾರ ಮನೆಯಿಂದ ಬಂತು, ಯಾರ ಮನೆಗೆ ಹೋಯಿತು ಎಂದು ತಿಳಿದುಕೊಳ್ಳುತ್ತಾಳೆ. ಹೆಚ್ಚು ದಾರ ಬಂದ ಮನೆಯ ಹೆಸರು ಮೊದಲು, ಕಡಿಮೆ ಬಂದ ಮನೆಯದು ಆಮೇಲೆ. ಒಂದು ವರ್ಷ ಒಂದೂ ದಾರವಿಲ್ಲದ ಮನೆಯ ಹೆಸರು ಯುಗಾದಿಯ ಹಿಂದಿನ ಸಂಜೆ ಅವಳ ಬಾಯಿಂದ ಬಿದ್ದುಹೋಗುತ್ತದೆ. ಕೂಡಲೇ ಆ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚುತ್ತಾರೆ, ಒಳಗಿದ್ದವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಾರೆ.

ಗಂಟಿಗೂ ಕಟ್ಟುಪಾಡು ಇದೆ. ಕೆಲಸ ಮಾಡಿಸಿಕೊಂಡವನ ಕೈ ಗಂಟಿನಲ್ಲಿ ಇರಬೇಕು. ಹಲ್ಲಿನಲ್ಲಿ ಕಚ್ಚಿ ಎಳೆಯುವ ಹಾಗಿಲ್ಲ, ಬಾಯಿ ತಾಗಿದ ದಾರ ಎಂಜಲು, ಅಜ್ಜಿ ಅದನ್ನು ಮುಟ್ಟುವುದಿಲ್ಲ. ಮತ್ತೆ, ತನ್ನ ಮನೆಯಿಂದ ತನ್ನ ಮನೆಗೇ ಕಟ್ಟಿಕೊಂಡ ದಾರ ಲೆಕ್ಕಕ್ಕಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಂಡರೆ ಸದ್ದು ಬರಬಹುದು, ಹೆಸರು ಬರುವುದಿಲ್ಲ.

ಈ ದಾರವನ್ನೆಲ್ಲ ಮಾರುವವನು ನಾನು. ಮೂವತ್ತು ವರ್ಷದಿಂದ ಮಾರುತ್ತಿದ್ದೇನೆ. ಅಂಗಡಿ ಮನೆಯಲ್ಲ, ಅಲ್ಲಿಗೆ ಯಾರೂ ಅಜ್ಜಿಯನ್ನು ಕೇಳಿ ಬರುವುದಿಲ್ಲ, ಅದಕ್ಕೆ ದಾರದ ಲೆಕ್ಕವೂ ಇಲ್ಲ. ಊರಿಗೆಲ್ಲ ದಾರ ಕೊಟ್ಟೆ, ನನ್ನ ಬಾಗಿಲಿನಿಂದ ಮಾತ್ರ ಒಂದನ್ನೂ ಎಳೆಯಲಿಲ್ಲ. ಮಾರುವ ಸರಕನ್ನು ಹಾಗೆ ಸುಮ್ಮನೆ ಹಾಳುಮಾಡಲು ಮನಸ್ಸು ಬರಲಿಲ್ಲ ಎಂದಿಟ್ಟುಕೊಳ್ಳಿ.

ಒಂದು ದಿನ ಎಣ್ಣೆಯವನು ನನ್ನ ಅಂಗಡಿಗೆ ಬಂದ. ಅವನ ಎಣ್ಣೆಯ ಮೇಲೆ ನನ್ನ ದೂರಿಲ್ಲ. ದೀಪಕ್ಕೆ, ದೋಸೆಕಲ್ಲಿಗೆ, ಯುಗಾದಿಯ ಸ್ನಾನಕ್ಕೆ ಅವನ ಎಣ್ಣೆಯೇ ಸೈ. ಅದಕ್ಕಾಗಿ ನಾಲ್ಕು ಮನೆಯವರು ಅವನಿಗೆ ದಾರ ಕಟ್ಟಿದ್ದರು. ಅವನಿಗೆ ನಾಲ್ಕು ಸಾಕಾಗಿರಲಿಲ್ಲ.

"ದೀಪದೆಣ್ಣೆ ಕೇಳಿದರೆ ಅಜ್ಜಿ ನನ್ನ ಹೆಸರು ಹೇಳ್ತಾಳೆ," ಅಂದ. "ಆದರೆ ದಿನಕ್ಕೆ ಎಷ್ಟು ಜನ ದೀಪದೆಣ್ಣೆ ಕೇಳ್ತಾರೆ? ಯಾರು ಏನೇ ಕೇಳಿದರೂ ನನ್ನ ಹೆಸರೇ ಬರಬೇಕು. ಏನಾದರೂ ಉಪಾಯ ಹೇಳು ಮಾರಾಯ."

ನಾನು ಹೇಳಬಾರದಿತ್ತು. ಆದರೆ ಗಿರಾಕಿ ಎದುರಿಗೆ ನಿಂತಾಗ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅಣ್ಣತಮ್ಮಂದಿರು ಪಾಲಾದಾಗ ಏನು ಮಾಡ್ತಾರೆ?" ಅಂದೆ. "ಗೋಡೆ ಒಂದೇ, ಸೂರು ಒಂದೇ, ಅಂಗಳ ಒಂದೇ. ಒಲೆ ಮಾತ್ರ ಬೇರೆ ಮಾಡ್ತಾರೆ. ಒಲೆ ಬೇರೆಯಾದರೆ ಮನೆ ಬೇರೆ ಅಂತ ಊರೇ ಒಪ್ಪುತ್ತದೆ. ಅಜ್ಜಿಯೂ ಒಪ್ಪಲೇಬೇಕು."

ಎಣ್ಣೆಯವನು ನನ್ನನ್ನು ಅಪ್ಪಿಕೊಂಡ. ಆ ಅಂಗಿಯ ಜಿಡ್ಡು ಈವರೆಗೂ ಹೋಗಿಲ್ಲ.

ಎರಡು ತಿಂಗಳಲ್ಲಿ ಅವನ ಮನೆಯ ಸುತ್ತ ಏಳು ಕೊಠಡಿ ಎದ್ದವು. ಒಂದೊಂದಕ್ಕೂ ಒಂದು ಬಾಗಿಲು, ಒಂದು ಮೊಳೆ, ಒಂದು ಒಲೆ, ಒಂದು ಹೆಸರು. ಮೊಣಕಾಲಿನ ಎಣ್ಣೆಯವನ ಮನೆ. ಮೂಳೆಯ ಎಣ್ಣೆಯವನ ಮನೆ. ಕೂದಲಿನ ಎಣ್ಣೆಯವನ ಮನೆ. ಕೀಲು ಕಿರುಗುಟ್ಟುವ ಬಾಗಿಲಿಗೆ ಒಂದು ಮನೆ, ಹಟ ಮಾಡುವ ಮಕ್ಕಳಿಗೆ ಒಂದು ಮನೆ. ಇನ್ನೆರಡಕ್ಕೆ ಏನು ಹೆಸರಿಡಬೇಕೆಂದು ತಿಳಿಯದೆ ಇತರ ಎಣ್ಣೆಯವನ ಮನೆ, ಮತ್ತಿತರ ಎಣ್ಣೆಯವನ ಮನೆ ಎಂದು ಇಟ್ಟ. ಎಂಟೂ ಬಾಗಿಲ ಮೇಲೆ "ಮುರಿದ ಮೂಳೆಗೂ ಎಣ್ಣೆ ಹಚ್ಚಲಾಗುವುದು" ಎಂದು ಬರೆಸಿದ. ಅವನಿಗೆ ಮೂಳೆಯ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ, ಹಲಗೆಯಲ್ಲಿ ಜಾಗ ಉಳಿದಿತ್ತು.

ಬಾಗಿಲಜ್ಜಿ ಬಂದಳು. ಎಂಟು ಬಾಗಿಲನ್ನೂ ಮುಟ್ಟಿ ನೋಡಿದಳು.

"ಇದೆಲ್ಲ ಒಂದು ಮನೆಯೋ, ಎಂಟು ಮನೆಯೋ?" ಎಂದು ಕೇಳಿದಳು.

"ಎಂಟು, ಅಜ್ಜಿ."

"ಒಲೆ ಬೇರೆಯಾ?"

"ಬೇರೆ." ಎಣ್ಣೆಯವನು ಉರಿಯುವ ಕೊಳ್ಳಿ ಹಿಡಿದು ಆಣೆ ಮಾಡಿದ. "ಎಂಟು ಒಲೆ, ಎಂಟು ಮನೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ."

"ಒಲೆ ಉರಿಯುವವರೆಗೆ ಮನೆ," ಅಂದಳು ಅಜ್ಜಿ. "ಆರಿದ ದಿನ ಮನೆಯೂ ಇಲ್ಲ, ಅದರ ದಾರವೂ ಇಲ್ಲ. ನೆನಪಿಟ್ಟುಕೋ."

ಅವನು ನೆನಪಿಟ್ಟುಕೊಳ್ಳುವ ಕೆಲಸವನ್ನು ಹೆಂಡತಿಗೆ ವಹಿಸಿದ. ಆ ತಾಯಿ ಕೋಳಿ ಕೂಗುವ ಮೊದಲೇ ಎದ್ದು ಊದುಗೊಳವೆ ಹಿಡಿದು ಒಲೆಯಿಂದ ಒಲೆಗೆ ಓಡುತ್ತಿದ್ದಳು. ಒಂದನ್ನು ಊದಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೂರನೆಯದು ಆರುತ್ತಿತ್ತು. ಒಂದರ ಮೇಲೆ ಅನ್ನ, ಏಳರ ಮೇಲೆ ಬರೀ ನೀರು. ದಾರ ಅಳೆಯಲು ಹೋದ ನನಗೆ ಹೊಗೆಯ ನಡುವೆ ಅವಳ ಮುಖ ಕಾಣಿಸಲಿಲ್ಲ, ಮಾತು ಮಾತ್ರ ಕೇಳಿಸಿತು.

"ಎಂಟು ಒಲೆ, ಒಂದು ಪಾವು ಅಕ್ಕಿ. ಇವರಿಗೆ ಈ ಉಪಾಯ ಯಾರು ಹೇಳಿಕೊಟ್ಟಿದ್ದು ಅಣ್ಣಾ?"

ನಾನು ಕೆಮ್ಮಿದೆ. ಹೊಗೆ ಇದ್ದದ್ದು ಒಳ್ಳೆಯದೇ ಆಯಿತು.

ಆಮೇಲೆ ದಾರ ಕಟ್ಟುವ ಕೆಲಸ. ಕೆಲಸ ಮಾಡಿಸಿಕೊಂಡವನೇ ಗಂಟು ಹಾಕಬೇಕಲ್ಲ. ಮೊದಲಿನಿಂದ ಇದ್ದ ದೊಡ್ಡ ಮನೆಯ ಎಣ್ಣೆಯವನು ಮೊಣಕಾಲಿನ ಮನೆಗೆ ಹೋಗಿ, "ಅಜ್ಜಿ ಕಳಿಸಿದಳಾ?" ಎಂದು ತಾನೇ ಕೇಳಿ, "ಅಜ್ಜಿ ಕಳಿಸಿದಳು" ಎಂದು ತಾನೇ ಹೇಳಿ, ಒಳಗೆ ಕೂತು ತನ್ನ ಮೊಣಕಾಲಿಗೆ ತಾನೇ ಎಣ್ಣೆ ಹಚ್ಚಿಕೊಂಡು, ಬಹಳ ಚೆನ್ನಾಯಿತು ಎಂದು ತಲೆದೂಗಿ, ಹೊರಗೆ ಬಂದು ಗಂಟು ಹಾಕಿದ. ಹಾಗೆ ಎಂಟು ಮನೆಯಿಂದ ಏಳೇಳು ಮನೆಗೆ, ಒಟ್ಟು ಐವತ್ತಾರು ದಾರ. ಗಂಟು ಅವನದು, ದಾರವನ್ನು ಹೆಂಚಿನ ಮೇಲಿಂದ ದಾಟಿಸುವುದು ನನ್ನದು. ಐವತ್ತಾರನೆಯದನ್ನು ದಾಟಿಸಿ, ಇಂಥ ಕೆಲಸ ಊರಲ್ಲಿ ಯಾರೂ ಮಾಡಿಲ್ಲವೆಂದು ಏಣಿಯ ಮೇಲೆ ಎದೆ ಸೆಟೆಸಿದೆ. ಏಣಿ ಜಾರಿತು. ನನ್ನ ಎಡಗೈ ಮುರಿಯಿತು.

ಊರಬಾಗಿಲಿಗೆ ಹೋಗಿ ಕೇಳಿದೆ. "ಎಣ್ಣೆಯವನ ಮನೆ," ಅಂದಳು ಅಜ್ಜಿ. ನಾನೇ ಎಳೆದ ದಾರ, ಯಾರನ್ನು ಬೈಯಲಿ? ಹೋದೆ, ಏಳು ದಿನ ಎಣ್ಣೆ ಹಚ್ಚಿದ. ನೋವು ಹೋಗಲಿಲ್ಲ. ತಿರುಗಿ ಬಂದು ಕೇಳಿದೆ. "ಮೊಣಕಾಲಿನ ಎಣ್ಣೆಯವನ ಮನೆ." ಹೋಗಿ ತಟ್ಟಿದರೆ ಅದೇ ಎಣ್ಣೆಯವನು ಹಿತ್ತಿಲಿಂದ ಓಡಿಬಂದು, ಕೆಂಪು ಪೇಟ ಸುತ್ತಿಕೊಂಡು ಬಾಗಿಲು ತೆಗೆದ.

"ಏನಾಯ್ತು ಯಜಮಾನರೇ, ಕೈಗೆ?" ಎಂದು ಕೇಳಿದ, ನನ್ನನ್ನು ಈ ಜನ್ಮದಲ್ಲಿ ಕಂಡಿಲ್ಲವೆಂಬ ಹಾಗೆ.

"ನಿನ್ನ ಏಣಿಯಿಂದ ಬಿದ್ದೆನಲ್ಲೋ."

"ಅದು ದೊಡ್ಡ ಮನೆಯ ಏಣಿ. ನಮಗೂ ಅವರಿಗೂ ಸಂಬಂಧವಿಲ್ಲ," ಅಂದ, ಅದೇ ಎಣ್ಣೆ ಹಚ್ಚಿದ. ಮೂರನೆಯ ಮನೆಯಲ್ಲಿ ಹಳದಿ ಪೇಟ, ನಾಲ್ಕನೆಯದರಲ್ಲಿ ನೀಲಿ. ನಾಲ್ಕನೆಯ ಮನೆ ಮುಗಿಯುವಷ್ಟರಲ್ಲಿ ನನ್ನ ಕೈ ತನಗೆ ತೋಚಿದ ಹಾಗೆ ಕೂಡಿಕೊಂಡು, ಮೊಣಕೈಯಿಂದ ಕೆಳಗೆ ಪಕ್ಕದ ಬೀದಿಯ ಕಡೆ ತಿರುಗಿತು. ಬೆರಳು ಮಡಚಲಿಕ್ಕೇ ಬರಲಿಲ್ಲ.

ಊರಿನ ಗತಿಯೂ ಇದೇ ಆಗಿತ್ತು. ಹಲ್ಲುನೋವಿನವರು ಎಣ್ಣೆಯವನ ಮನೆಗೆ, ಕೊಡ ಸೋರಿದವರು ಎಣ್ಣೆಯವನ ಮನೆಗೆ. ಎಮ್ಮೆ ಕಳೆದುಕೊಂಡವಳೊಬ್ಬಳು ಹೋದರೆ ಎಮ್ಮೆಯ ಹಗ್ಗಕ್ಕೆ ಎಣ್ಣೆ ಹಚ್ಚಿ ಕಳಿಸಿದ. ಯಾರ ಕೆಲಸವೂ ಆಗಲಿಲ್ಲ, ಆದರೂ ಯಾರೂ ದೂರಲಿಲ್ಲ. ಐವತ್ತಾರು ದಾರ ಇದ್ದವನು ತಪ್ಪು ಮಾಡುತ್ತಾನೆಯೇ, ನಮ್ಮ ನೋವೇ ಸರಿಯಿಲ್ಲ ಎಂದುಕೊಂಡರು.

ಆ ದಿನಗಳಲ್ಲೇ ಮೂಳೆಯವಳು ನನ್ನ ಅಂಗಡಿಗೆ ಬಂದದ್ದು. ಊರಿನ ಕೊನೆಯ ಓಣಿಯಲ್ಲಿ ಮುರಿದ ಮೂಳೆ ಕೂರಿಸಿ ಕಟ್ಟುವವಳು. ಬಿದಿರ ದಬ್ಬೆಗಳನ್ನು ಬಿಗಿಯಲು ಆಗಾಗ ಒಂದು ಉಂಡೆ ದಾರ ಒಯ್ಯುತ್ತಿದ್ದಳು. ನನ್ನ ಕೈ ನೋಡಿದಳು.

"ಯಾರು ಕಟ್ಟಿದ್ದು ಇದನ್ನ?"

"ಯಾರೂ ಕಟ್ಟಲಿಲ್ಲ. ಎಣ್ಣೆ ಹಚ್ಚಿದರು."

"ಕಾಣಿಸ್ತದೆ." ಎರಡು ಬೆರಳಲ್ಲಿ ಮೂಳೆಯನ್ನು ಒತ್ತಿದಳು. ನನ್ನ ಕಣ್ಣಲ್ಲಿ ನೀರು ಬಂತು. "ಇದನ್ನ ಮತ್ತೆ ಮುರಿದು ಕೂರಿಸಬೇಕು. ನಲವತ್ತು ದಿನದಲ್ಲಿ ನೆಟ್ಟಗಾಗ್ತದೆ. ಬಾ."

"ಅಜ್ಜಿ ಕಳಿಸದೆ ಹೇಗೆ ಬರಲಿ ತಾಯಿ?"

"ಅಜ್ಜಿಯ ಬಾಯಲ್ಲಿ ನಾನು ಒಂಬತ್ತನೆಯವಳು. ಇನ್ನೂ ನಾಲ್ಕು ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಬಾ," ಅಂದಳು. "ಆದರೆ ಯುಗಾದಿಯೊಳಗೆ ಬಾ. ಆಮೇಲೆ ನಾನಿರೋದಿಲ್ಲ."

ಆಗ ತಿಳಿಯಿತು, ಇವಳ ಬಾಗಿಲಿಗೆ ಒಂದೂ ದಾರವಿಲ್ಲ. ಇಷ್ಟು ವರ್ಷ ಇಷ್ಟು ಕೈ ಕೂರಿಸಿದವಳಿಗೆ ಒಂದೂ ಇಲ್ಲ. ಯಾಕೆಂದು ಕೇಳಿದೆ.

ಅವಳು ನಕ್ಕಳು. "ಕೈ ಮುರಿದುಕೊಂಡು ಬರ್ತಾರೆ, ಕಟ್ಟಿಸಿಕೊಂಡು ಹೋಗ್ತಾರೆ. ಹೋಗುವಾಗ ಒಂದು ಕೈ ದಬ್ಬೆಯಲ್ಲಿ. ಒಂದು ಕೈಯಲ್ಲಿ ಗಂಟು ಹಾಕೋದು ಹೇಗೆ? ಹಲ್ಲು ತಾಗಿಸಿದರೆ ಎಂಜಲು. ವಾಸಿಯಾದ ಮೇಲೆ ಬಂದು ಕಟ್ತೀವಿ ಅಂತಾರೆ."

"ಬರ್ತಾರಾ?"

"ವಾಸಿಯಾದ ಮೇಲೆ ಅವರಿಗೆ ಎರಡು ಕೈ ಇರ್ತದಲ್ಲ. ಎರಡು ಕೈಗೂ ಕೆಲಸ ಇರ್ತದೆ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಕಾಲು ಮುರಿದವರ ಕತೆಯೂ ಅದೇ, ದಾರ ಹಿಡಿದು ನಡೆಯಲು ಬರುವ ಹೊತ್ತಿಗೆ ನಡೆದದ್ದೇ ಮರೆತಿರುತ್ತದೆ. ಅವಳ ಬಾಗಿಲಿಗೆ ಬಂದದ್ದು ಒಂದೇ ದಾರ, ಒಬ್ಬ ಆಡಿನವನದು. ಕಾಲು ಮುರಿದದ್ದು ಆಡಿಗೆ, ಹಾಗಾಗಿ ಅವನಿಗೆ ಎರಡೂ ಕೈ ಇದ್ದವು. ಅವನು ಊರು ಬಿಟ್ಟ ಮೇಲೆ ಆ ದಾರವೂ ಜೀರ್ಣವಾಗಿ ಕಳೆದ ಯುಗಾದಿಗೆ ಉದುರಿತ್ತು.

ನಾನು ಓಡಬೇಕಿತ್ತು. ಆದರೆ ಮತ್ತೆ ಮುರಿಯಬೇಕು ಅಂದಳಲ್ಲ, ಆ ಮಾತು ಕಾಲಿಗೆ ತೊಡರಿಕೊಂಡಿತು. ಐದನೆಯ ಮನೆಯಲ್ಲಿ ಏಳು ದಿನ ಸಾಕಾಗಿತ್ತು, ಹತ್ತು ದಿನ ಕೂತೆ. ಆರನೆಯದರಲ್ಲಿ ಹದಿನೈದು. ಹೆದರಿದೆ, ಇದನ್ನು ಮುಚ್ಚಿಡುವುದು ಯಾಕೆ. ಎಂಟನೆಯ ಮನೆ ಮುಗಿದಾಗ ನಾಳೆಯೇ ಯುಗಾದಿ.

ಆ ಬೆಳಗ್ಗೆ ಎಣ್ಣೆಯವನು ಏಣಿ ಹತ್ತಿದ್ದ. ಯುಗಾದಿಗೆ ಅಜ್ಜಿ ದಾರಗಳನ್ನು ಹೊಸದಾಗಿ ಎಣಿಸುತ್ತಾಳೆ. ತನ್ನ ಐವತ್ತಾರೂ ಮಿರಮಿರ ಮಿಂಚಲೆಂದು ಒಂದೊಂದಕ್ಕೂ ಎಣ್ಣೆ ಸವರುತ್ತಿದ್ದ. ಎಣ್ಣೆ ದಾರದಿಂದ ಏಣಿಗೆ ಇಳಿಯಿತು, ಏಣಿಯಿಂದ ಅವನೂ ಇಳಿದ. ಬಲಗೈ ಮುರಿಯಿತು. ಮಾಡಿದ್ದುಣ್ಣೋ ಮಾರಾಯ ಎಂದು ನನಗೂ ಅನ್ನಿಸಿತು. ಆದರೆ ಅವನು ಕೂಗಿದ ಕೂಗು ಕೇಳಿ ನನ್ನ ಎಡಗೈಯೂ ನೊಂದಿತು. ಎಬ್ಬಿಸಿ ಊರಬಾಗಿಲಿಗೆ ಕರೆದುಕೊಂಡು ಹೋದೆ.

"ಅಜ್ಜಿ, ಕೈ ಮುರಿದಿದೆ," ಅಂದ. "ಯಾರ ಮನೆಗೆ ಹೋಗಲಿ?"

"ಎಣ್ಣೆಯವನ ಮನೆಗೆ ಹೋಗು," ಅಂದಳು ಅಜ್ಜಿ.

"ಎಣ್ಣೆಯವನು ನಾನೇ ಅಜ್ಜಿ."

"ಹಾಗಾದರೆ ದಾರಿ ಗೊತ್ತಿದೆ."

"ಮೂಳೆಯವಳ ಹೆಸರು ಹೇಳಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ಒಂದು ಸಲಕ್ಕೆ ಒಂದು ಹೆಸರು," ಅಂದಳು ಅಜ್ಜಿ. "ಹೋಗಿ ಬಾ."

ಎಣ್ಣೆಯವನು ತನ್ನ ಬಾಗಿಲನ್ನು ತಾನೇ ತಟ್ಟಿದ. ಒಳಗೆ ಹೆಂಡತಿ ಊದುತ್ತಿದ್ದ ಸದ್ದು ನಿಂತಿತು.

"ಅಜ್ಜಿ ಕಳಿಸಿದಳಾ?"

"ಲೇ, ನಾನು ಕಣೇ."

"ಅಜ್ಜಿ ಕಳಿಸಿದಳಾ?"

"ಕಳಿಸಿದಳು," ಅಂದ.

ಅಗುಳಿ ಸರಿಯಿತು. ಅವಳು ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ಊದುಗೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮಲ್ಲಿ ಎಣ್ಣೆ ಹಚ್ಚುತ್ತೇವೆ. ಹಚ್ಚಲಾ?"

"ಬೇಡ."

"ಹಾಗಾದರೆ ಅಜ್ಜಿಯನ್ನೇ ಕೇಳಿ," ಎಂದು ಬಾಗಿಲು ಹಾಕಿದಳು.

ಮತ್ತೆ ಊರಬಾಗಿಲು. "ಮೊಣಕಾಲಿನ ಎಣ್ಣೆಯವನ ಮನೆ." ಮತ್ತೆ ಬಾಗಿಲು, ಮತ್ತೆ ಅಗುಳಿ. ಈ ಸಲ ಅವಳು ತಲೆಗೆ ಕೆಂಪು ಪೇಟ ಸುತ್ತಿಕೊಂಡಿದ್ದಳು. "ಏನಾಯ್ತು ಯಜಮಾನರೇ, ಕೈಗೆ?" ಅಂದಳು. ಮತ್ತೆ ಊರಬಾಗಿಲು. ಹಳದಿ ಪೇಟ. ಮತ್ತೆ ಊರಬಾಗಿಲು. ನೀಲಿ ಪೇಟ. ಸೂರ್ಯ ನೆತ್ತಿಗೆ ಬಂದು ಪಡುವಣಕ್ಕೆ ಹೊರಳಿದ. ಎಣ್ಣೆಯವನು ಮುರಿದ ಕೈಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದ. ಆರನೆಯ ಬಾಗಿಲಲ್ಲಿ ಅತ್ತುಬಿಟ್ಟ. ಹೆಂಡತಿಯ ಪೇಟ ಆಗ ಸ್ವಲ್ಪ ಅಲುಗಿತು, ಆದರೂ ಕೇಳಬೇಕಾದ್ದನ್ನು ಕೇಳಿಯೇ ಕೇಳಿದಳು.

ಎಂಟನೆಯ ಬಾಗಿಲಾದ ಮೇಲೆ ಅಜ್ಜಿ ಹೇಳಿದಳು, "ಮೂಳೆಯವಳ ಮನೆ." ಎಂಟು ಮನೆ ಮುಗಿಸಿದ್ದ ನನಗೂ ಅದೇ ಹೆಸರು. ಆಮೇಲೆ ಕಟ್ಟೆಯಿಂದ ಕಾಲು ಇಳಿಬಿಟ್ಟು, "ಹೊತ್ತು ಮುಳುಗುವವರೆಗೆ ಈ ಹೆಸರು ನನ್ನ ಬಾಯಲ್ಲಿರುತ್ತದೆ," ಅಂದಳು.

ಕೊನೆಯ ಓಣಿಯಲ್ಲಿ ಇಟ್ಟಿಗೆಯವರು ಆಗಲೇ ಬಂದು ಕೂತಿದ್ದರು. ಬಾಗಿಲ ಪಕ್ಕ ಇಟ್ಟಿಗೆ ಪೇರಿಸಿ, ಮಣ್ಣು ಕಲಸಿ, ಎಲೆಅಡಿಕೆ ಹಾಕುತ್ತಿದ್ದರು. ಒಳಗೆ ಮೂಳೆಯವಳು ದಬ್ಬೆಗಳನ್ನು ಕಂತೆ ಕಟ್ಟುತ್ತಿದ್ದಳು.

"ಅಜ್ಜಿ ಕಳಿಸಿದಳಾ?"

"ಕಳಿಸಿದಳು," ಎಂದೆವು ಇಬ್ಬರೂ.

ಅವಳು ಎಣ್ಣೆಯವನನ್ನು ಕೂರಿಸಿದಳು. ಕಂತೆ ಬಿಚ್ಚಿದಳು. ಎಳೆದಳು, ತಿರುಗಿಸಿದಳು, ಕಟ್ ಎಂದು ಒಂದು ಸದ್ದು ಬಂತು. ಉದ್ದಿನ ಹಿಟ್ಟು ಮೆತ್ತಿ, ಬಟ್ಟೆ ಸುತ್ತಿ, ನಾಲ್ಕು ದಬ್ಬೆ ಇಟ್ಟು ನನ್ನ ಅಂಗಡಿಯ ದಾರದಿಂದಲೇ ಬಿಗಿದಳು. ಎಣ್ಣೆಯವನ ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲಾದವು.

"ನೋವು ಹೋಯ್ತು," ಅಂದ, ನಂಬಲಾಗದವನ ಹಾಗೆ. "ಹಚ್ಚಿದ್ದೇನೂ ಇಲ್ಲ, ಆದರೂ ಹೋಯ್ತು."

ನಾನು ನನ್ನ ಕೈ ಚಾಚಿದೆ. ಅವಳು ತಲೆ ಅಲ್ಲಾಡಿಸಿದಳು. "ನಿನ್ನದಕ್ಕೆ ಒಂದು ಹಗಲು ಬೇಕು. ಇವತ್ತು ಆಗೋದಿಲ್ಲ, ನಾಳೆ ನಾನಿಲ್ಲ. ಯಾಕಣ್ಣ ಇಷ್ಟು ತಡ ಮಾಡಿದೆ?"

ನನ್ನ ಹೆದರಿಕೆಗೆ ನನ್ನ ಕೈ ಮಾತ್ರ ಹೋಗುತ್ತದೆ ಎಂದುಕೊಂಡಿದ್ದೆ. ಈಗ ಊರಿನ ಎಲ್ಲ ಕೈಗಳೂ ಹೋಗುತ್ತಿದ್ದವು.

ಎಣ್ಣೆಯವನು ಎದ್ದು ನಿಂತ. "ನಾನು ದಾರ ಕಟ್ತೀನಿ. ದೊಡ್ಡ ಮನೆಯಿಂದಲೇ ಕಟ್ತೀನಿ."

ಹೊಸ ದಾರ ಎಳೆಯಲು ಹೊತ್ತಿರಲಿಲ್ಲ. ಅವನ ದೊಡ್ಡ ಮನೆಯಿಂದ ಮತ್ತಿತರ ಮನೆಯ ತನಕ ಹೋಗಿ, ನಾಲ್ಕು ಸುತ್ತು ಸುತ್ತಿ ಉಳಿದಿದ್ದ ಒಂದು ಉದ್ದನೆಯ ದಾರ ನನಗೆ ಗೊತ್ತಿತ್ತು, ಎಳೆದವನು ನಾನೇ ತಾನೆ. ಓಡಿದೆವು. ಹೆಂಡತಿ ಅದರ ಕೊನೆಯ ಗಂಟನ್ನು ಬಿಚ್ಚಿ ಗಂಡನ ಎಡಗೈಗೆ ಕೊಟ್ಟಳು. ಬಿಚ್ಚುವಾಗ ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲ ಸಲ ನೋಡಿದೆ.

"ಇನ್ನು ಅಡುಗೆ ಯಾವ ಒಲೆಯಲ್ಲಿ ಮಾಡಲಿ?" ಎಂದು ಕೇಳಿದಳು.

"ನಿನಗೆ ತೋಚಿದ್ದರಲ್ಲಿ ಮಾಡು," ಎಂದು ಅವನು ದಾರ ಹಿಡಿದು ಓಡಿದ.

ಮೂಳೆಯವಳ ಬಾಗಿಲಿಗೆ ಬಂದಾಗ ಸೂರ್ಯ ಹೆಂಚಿಗೆ ತಾಗಿದ್ದ. ಎಣ್ಣೆಯವನು ಎಡಗೈಯಿಂದ ದಾರವನ್ನು ಮೊಳೆಗೆ ಸುತ್ತಿದ, ಅದು ಜಾರಿತು. ಮತ್ತೆ ಸುತ್ತಿದ, ಮತ್ತೆ ಜಾರಿತು. ಎಣ್ಣೆ ಸವರಿದ ದಾರ ಬೇರೆ. ಬಾಯಿ ಹತ್ತಿರ ಒಯ್ದ, ಇಟ್ಟಿಗೆಯವರು "ಎಂಜಲು, ಎಂಜಲು" ಅಂದರು. ಮೂಳೆಯವಳು ತನ್ನೆರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅವಳ ಬೆರಳು ತಾಗಿದರೂ ಅದು ತಾನೇ ಕಟ್ಟಿಕೊಂಡ ದಾರವಾಗುತ್ತಿತ್ತು.

ನನ್ನ ಎಡಗೈ ಪಕ್ಕದ ಬೀದಿ ನೋಡುತ್ತಿತ್ತು, ಬಲಗೈ ಸುಮ್ಮನೆ ಜೋತಾಡುತ್ತಿತ್ತು. ಅವನ ಬಲಗೈ ದಬ್ಬೆಯಲ್ಲಿತ್ತು, ಎಡಗೈ ಒದ್ದಾಡುತ್ತಿತ್ತು. ನಾನು ನನ್ನ ಬಲಗೈಯನ್ನು ನೋಡಿದೆ. ಅವನ ಎಡಗೈಯನ್ನು ನೋಡಿದೆ. ಇಷ್ಟು ವರ್ಷ, ಇಷ್ಟು ಮುರಿದ ಕೈಗಳು ಈ ಬಾಗಿಲಿನಿಂದ ಹೊರಗೆ ಹೋಗಿವೆ. ಒಬ್ಬನಿಗಾದರೂ ಇದು ಹೊಳೆದಿರಲಿಲ್ಲವಲ್ಲ, ನಮ್ಮೂರಿನ ಬುದ್ಧಿಗೆ ಏನು ಹೇಳೋಣ.

"ನೀನು ಆ ತುದಿ ಹಿಡಿ," ಅಂದೆ. "ನಾನು ಈ ತುದಿ."

ಅವನ ಎಡಗೈ ಸುತ್ತು ಹಾಕಿತು, ನನ್ನ ಬಲಗೈ ಅದರೊಳಗೆ ತೂರಿತು. ಅವನು ಅತ್ತ ಎಳೆದ, ನಾನು ಇತ್ತ ಎಳೆದೆ. ಗಂಟು ಬಿತ್ತು.

ಅಷ್ಟರಲ್ಲಿ ಕೋಲು ಊರುವ ಸದ್ದು ಕೇಳಿಸಿತು. ಅಜ್ಜಿ ಬಂದು ಮೊಳೆಯನ್ನು ತಡವಿದಳು. ಬೆರಳು ಗಂಟಿನ ಮೇಲೆ ನಿಂತಿತು.

"ಇದರಲ್ಲಿ ಇಬ್ಬರ ಕೈಗಳಿವೆ."

"ಹೌದು ಅಜ್ಜಿ," ಅಂದೆ. "ಕೆಲಸ ಮಾಡಿಸಿಕೊಂಡವನ ಕೈಯೂ ಇದೆ."

"ಕೈ ಇರಬೇಕು ಅಂತಿದೆ," ಎಂದು ಅಜ್ಜಿ ಗಂಟನ್ನು ಇನ್ನೊಮ್ಮೆ ಸವರಿದಳು. "ಬೇರೆ ಕೈ ಇರಬಾರದು ಅಂತ ಇಲ್ಲ. ಆಗಲಿ." ಆಮೇಲೆ ದಾರದ ಮೇಲೆ ಬೆರಳಾಡಿಸಿ, ಎಣ್ಣೆಯವನ ಕಡೆ ತಿರುಗಿದಳು. "ಇದು ನಿನ್ನ ಯಾವ ಮನೆಯದು?"

"ದೊಡ್ಡ ಮನೆಯದು."

"ಅಲ್ಲಿ ಒಲೆ ಉರೀತಾ ಇದೆಯಾ? ಒಲೆ ಇದ್ದರೆ ಮನೆ, ಮನೆ ಇದ್ದರೆ ದಾರ."

ನಾವೆಲ್ಲ ತಿರುಗಿ ನೋಡಿದೆವು. ಓಣಿಯ ಕೊನೆಯಿಂದ ಅವನ ಎಂಟೂ ಸೂರು ಕಾಣುತ್ತಿದ್ದವು. ಒಂದರಿಂದಲೂ ಹೊಗೆ ಬರುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಆ ಕಡೆಯ ಆಕಾಶ ನೀಲಿಯಾಗಿತ್ತು. ಹೆಂಗಸು ಎಲ್ಲವನ್ನೂ ಆರಿಸಿ ಕೈ ತೊಳೆದುಕೊಂಡಿದ್ದಳು.

ಆಗಲೇ ಐವತ್ತೈದು ದಾರಗಳು ಒಟ್ಟಿಗೆ ಸಡಿಲಾದವು. ಬೀದಿಯ ಮೇಲೆ ಜೋತುಬಿದ್ದು, ಅಲ್ಲಿ ಹೋಗುತ್ತಿದ್ದ ಒಂದು ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡವು. ಕಳೆದುಹೋಗಿದ್ದ ಎಮ್ಮೆ ಅದೇ ಎಂದು ಆಮೇಲೆ ಗೊತ್ತಾಯಿತು. ನಮ್ಮ ಗಂಟಿನ ದಾರವೂ ಸ್ವಲ್ಪ ತೂಗಿತು. ಎಣ್ಣೆಯವನಿಗೆ ತನ್ನ ಐವತ್ತೈದರ ಕಡೆ ಗಮನವೇ ಇರಲಿಲ್ಲ. ದೊಡ್ಡ ಮನೆಯ ಸೂರನ್ನೇ ನೋಡುತ್ತಾ, "ಹಚ್ಚೇ, ಒಂದು ಹಚ್ಚೇ" ಎಂದು ಬಾಯೊಳಗೇ ಹೇಳುತ್ತಿದ್ದ. ಇಟ್ಟಿಗೆಯವನೊಬ್ಬ ಎದ್ದು ಕರಣಿಯನ್ನು ಕೈಗೆ ತೆಗೆದುಕೊಂಡ. ಮೂಳೆಯವಳು ಹೊಸಿಲಿನಿಂದ ಒಂದು ಹೆಜ್ಜೆ ಕೆಳಗಿಟ್ಟಳು.

ಸೂರ್ಯನ ಕೊನೆಯ ಚೂರು ಹೆಂಚಿನ ಮೇಲಿದ್ದಾಗ, ದೊಡ್ಡ ಮನೆಯ ಸೂರಿನಿಂದ ಒಂದು ಎಳೆ ಹೊಗೆ ಎದ್ದಿತು. ಅಕ್ಕಿ ತೊಳೆಯುತ್ತಿದ್ದಳಂತೆ, ಅದಕ್ಕೇ ತಡವಾಯಿತಂತೆ.

ಅಜ್ಜಿ ಮೂಗು ಅರಳಿಸಿ ಮೂಸಿದಳು. ದಾರವನ್ನು ಮತ್ತೊಮ್ಮೆ ಮುಟ್ಟಿದಳು. "ಬಿಗಿಯಾಗಿದೆ," ಅಂದಳು. "ಮೂಳೆಯವಳ ಮನೆ." ಇಟ್ಟಿಗೆಯವರು ಗೊಣಗುತ್ತ ಇಟ್ಟಿಗೆ ಹೊತ್ತುಕೊಂಡು ಹೋದರು.

ಯುಗಾದಿಯ ಮರುದಿನ ಮೂಳೆಯವಳು ನನ್ನ ಕೈಯನ್ನು ಮತ್ತೆ ಮುರಿದಳು. ನನ್ನ ಕೂಗು ಊರಬಾಗಿಲವರೆಗೆ ಕೇಳಿಸಿತೆಂದು ಜನ ಹೇಳುತ್ತಾರೆ, ಇರಬಹುದು. ಎಣ್ಣೆಯವನು ಈಗ ಒಂದೇ ಮನೆಯವನು. ನಾಲ್ಕು ದಾರ, ನಾಲ್ಕೂ ಅವನ ಎಣ್ಣೆಗೆ ಬಂದವು. ಅವನ ಹೆಂಡತಿ ಉಳಿದ ಏಳು ಒಲೆಗಳನ್ನು ಒಡೆದು ಆ ಕಲ್ಲಿನಲ್ಲಿ ಮೂಳೆಯವಳ ಬಾಗಿಲ ಮುಂದೆ ಒಂದು ಕಟ್ಟೆ ಕಟ್ಟಿಸಿದಳು. ಕೈ ಕಟ್ಟಿಸಿಕೊಂಡವರು ಅಲ್ಲಿ ಕೂರುತ್ತಾರೆ. "ನಿಮ್ಮದು ಎಡವೋ ಬಲವೋ?" ಎಂದು ಕೇಳಿಕೊಳ್ಳುತ್ತಾರೆ. ಎಡದವರು ಬಲದವರಿಗಾಗಿ, ಬಲದವರು ಎಡದವರಿಗಾಗಿ ಕಾಯುತ್ತಾರೆ.

ನಾನೂ ಆ ಕಟ್ಟೆಯ ಮೇಲೆ ಕೂತೆ. ನಲವತ್ತು ದಿನ ಕಾದರೆ ಎರಡೂ ಕೈ ಬರುತ್ತಿತ್ತು. ಆದರೆ ವಾಸಿಯಾದರೆ ನಾನೂ ಮರೆಯುತ್ತೇನೆ, ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವರಾರು. ಅದಕ್ಕೇ ನನ್ನ ಬಾಗಿಲಿನಿಂದ ಒಂದು ದಾರ ಎಳೆದುಕೊಂಡು ಬಂದು, ತುದಿ ಹಿಡಿದು ಕಾಯುತ್ತಿದ್ದೆ. ಮೂರನೆಯ ದಿನ ಎಣ್ಣೆಯವನು ದಬ್ಬೆ ಬಿಗಿಸಿಕೊಳ್ಳಲು ಬಂದ. ಕೇಳದೆಯೇ ಎಡಗೈ ಚಾಚಿದ. ಈ ಸಲ ಗಂಟು ಮೊದಲ ಸಲಕ್ಕೇ ಬಿತ್ತು.

ಮರುದಿನ ಬೆಳಗ್ಗೆ ಅಜ್ಜಿ ಬಂದು ದಾರಗಳನ್ನು ಮುಟ್ಟುತ್ತಾ ಹೋದವಳು ನನ್ನ ದಾರದ ಹತ್ತಿರ ನಿಂತಳು. ಒಮ್ಮೆ ಮುಟ್ಟಿದಳು, ಇನ್ನೊಮ್ಮೆ ಮುಟ್ಟಿದಳು. ಊರಿನ ಪ್ರತಿ ದಾರವನ್ನೂ ಬೆರಳಲ್ಲೇ ಗುರುತು ಹಿಡಿಯುವವಳು ತಲೆ ಕೆರೆದುಕೊಂಡದ್ದನ್ನು ನಾನು ಅವತ್ತೇ ನೋಡಿದ್ದು.

"ಇದು ಯಾರ ಮನೆಯದು? ನನಗೆ ಗುರುತೇ ಸಿಗ್ತಿಲ್ಲ."

"ನನ್ನದು ಅಜ್ಜಿ. ದಾರ ಮಾರುವವನದು."

ಅಜ್ಜಿ ನನ್ನ ಕಡೆ ತಿರುಗಿ ಮಂಜುಗಣ್ಣನ್ನು ಕಿರಿದು ಮಾಡಿದಳು. ಮೂವತ್ತು ವರ್ಷ ದಿನಾ ಅವಳ ಮುಂದೆಯೇ ಓಡಾಡಿದವನು ನಾನು.

"ಓ," ಅಂದಳು. "ನಿನಗೂ ಒಂದು ಮನೆ ಇದೆಯಾ?"